‘ಮುಕೇಶ್’ ಜಾಹೀರಾತು ನೋಡಿ ಯಾರಾದರೂ ತಂಬಾಕು ಬಿಟ್ಟಿದ್ದಾರಾ? ಸಂಶೋಧನೆಗಳು ಹೇಳುವುದೇನು

“ಸಿನಿಮಾಕ್ಕೆ ಹೋದಾಗಲೆಲ್ಲ ಇದನ್ನೇ ತೋರಿಸುತ್ತಾರೆ. ಇಂಟರ್ವಲ್ ಬಿಟ್ಟ ಕೂಡಲೇ ಜನ ಹೊರಗೆ ಹೋಗಿ ಸಿಗರೇಟ್ ಹಚ್ಚುತ್ತಾರೆ. ಸರ್ಕಾರದ ದುಡ್ಡು ದಂಡ!” ಇಂಥ ಮೀಮ್‌ಗಳು, ಮೆಸೇಜುಗಳು ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತವೆ. ಪ್ಯಾಕಿನ ಮೇಲಿನ ಭಯಾನಕ ಚಿತ್ರಗಳ ಬಗ್ಗೆಯೂ ಇದೇ ಮಾತಿದೆ: “ನೋಡಿ ನೋಡಿ ಅಭ್ಯಾಸ ಆಗಿಹೋಗಿದೆ, ಯಾರೂ ಹೆದರಲ್ಲ.”

ಕೇಳಲು ಇದು ಸರಿ ಅನ್ನಿಸುತ್ತದೆ. ಆದರೆ ಪ್ರಚಾರಗಳಿಂದ ಜನ ಬಿಡುತ್ತಾರೋ ಇಲ್ಲವೋ ಎಂಬುದನ್ನು ಊಹಿಸುತ್ತ ಕೂರಬೇಕಿಲ್ಲ. ಅದನ್ನು ಅಳೆದು ನೋಡಿದವರಿದ್ದಾರೆ.

ಚುಟುಕಾಗಿ ಹೇಳುವುದಾದರೆ

- ಒಳ್ಳೆಯ ಪ್ರಚಾರಗಳಿಂದ ಜನ ಬಿಡಲು ಪ್ರಯತ್ನಿಸುತ್ತಾರೆ, ಅವರಲ್ಲಿ ಒಂದು ಪಾಲು ಜನ ಬಿಟ್ಟೇ ಬಿಡುತ್ತಾರೆ. ಇದಕ್ಕೆ ಪುರಾವೆ ಇದೆ.
- ಎಲ್ಲ ಪ್ರಚಾರಗಳೂ ಒಳ್ಳೆಯವಲ್ಲ. ಬರೀ ಹೆದರಿಸಿ ಸುಮ್ಮನಾಗುವಂಥವು ಹೆಚ್ಚು ದೂರ ಹೋಗುವುದಿಲ್ಲ.
- ಪ್ಯಾಕಿನ ಮೇಲಿರುವ 1800-11-2356 ನಿಜವಾದ, ಉಚಿತ ಸಹಾಯವಾಣಿ. ಕನ್ನಡದಲ್ಲೂ ಮಾತನಾಡಬಹುದು.
- ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ.

ಮೊದಲನೆಯದಾಗಿ, ಮುಕೇಶ್ ಕಥೆ ಸಿಗರೇಟಿನದಲ್ಲ

ಎಷ್ಟೋ ಜನ ಆ ಜಾಹೀರಾತನ್ನು ‘ಸಿಗರೇಟಿನ ಜಾಹೀರಾತು’ ಎಂದೇ ನೆನಪಿಟ್ಟುಕೊಂಡಿದ್ದಾರೆ. ಆದರೆ ಅದರಲ್ಲಿರುವುದು ಗುಟ್ಕಾ ಜಗಿಯುತ್ತಿದ್ದ ಯುವಕನ ಕಥೆ. ಮಹಾರಾಷ್ಟ್ರದ ಆ ಯುವಕ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಬಾಯಿ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 24 ವರ್ಷ. ಅದು ನಟನೆಯಲ್ಲ. ಸಾಯುವ ಮುಂಚೆ ಅವರೇ ಕ್ಯಾಮೆರಾ ಮುಂದೆ ಹೇಳಿದ ಮಾತು.

ಗುಟ್ಕಾ ಕಥೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಭಾರತದಲ್ಲಿ ತಂಬಾಕು ಸೇದುವವರಿಗಿಂತ ಜಗಿಯುವವರೇ ಹೆಚ್ಚು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.7ರಷ್ಟು ಮಂದಿ ಸೇದುತ್ತಾರೆ, ಶೇ 21.4ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆ. ಎರಡನ್ನೂ ಮಾಡುವವರಿದ್ದಾರೆ. ಎಲ್ಲ ಸೇರಿ ಶೇ 28.6, ಅಂದರೆ ಸುಮಾರು 26.7 ಕೋಟಿ ಜನ. ಕರ್ನಾಟಕದಲ್ಲಿ ಈ ಪ್ರಮಾಣ ಶೇ 22.8.

ಇದೇ ಸಮೀಕ್ಷೆ 2009-10ರಲ್ಲಿ ನಡೆದಾಗ ದೇಶದ ಅಂಕಿ ಶೇ 34.6 ಇತ್ತು. ಏಳು ವರ್ಷಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಬಳಕೆದಾರರು ಕಡಿಮೆಯಾದರು. ಜನಸಂಖ್ಯೆ ಏರುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗಂತ ಇಳಿಕೆಯ ಕೀರ್ತಿಯನ್ನೆಲ್ಲ ಜಾಹೀರಾತಿಗೆ ಕೊಡಲಾಗದು. ಅದೇ ಅವಧಿಯಲ್ಲಿ ಬೆಲೆ ಏರಿತು, ಗುಟ್ಕಾ ನಿಷೇಧ ಬಂತು, ಪ್ಯಾಕಿನ ಮೇಲೆ ಚಿತ್ರಗಳು ದೊಡ್ಡದಾದವು. ಸಾರ್ವಜನಿಕ ಸ್ಥಳದಲ್ಲಿ ಸೇದುವುದರ ಮೇಲಿನ ನಿಷೇಧವೂ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿತ್ತು. ಹಾಗಾದರೆ ಜಾಹೀರಾತಿನ ಪಾಲನ್ನು ಬೇರ್ಪಡಿಸಿ ನೋಡುವುದು ಹೇಗೆ?

ಪ್ರಚಾರ ಕೆಲಸ ಮಾಡಿತು ಎಂದು ಗೊತ್ತಾಗುವುದು ಹೇಗೆ?

ಅಮೆರಿಕದಲ್ಲಿ ಒಮ್ಮೆ ತಾನಾಗಿಯೇ ಒಂದು ದೊಡ್ಡ ಪ್ರಯೋಗ ನಡೆದುಹೋಯಿತು. 1967ರಿಂದ ಅಲ್ಲಿನ ಟಿವಿ, ರೇಡಿಯೊ ವಾಹಿನಿಗಳಿಗೆ ಒಂದು ನಿಯಮ ಬಂತು: ಸಿಗರೇಟ್ ಜಾಹೀರಾತು ಹಾಕಿದರೆ ಧೂಮಪಾನ ವಿರೋಧಿ ಸಂದೇಶಕ್ಕೂ ಸಮಯ ಕೊಡಬೇಕು, ಅದೂ ಪುಕ್ಕಟೆಯಾಗಿ. ಸಿಗರೇಟ್ ಕಂಪನಿಗಳ ಜಾಹೀರಾತು ಧಾರಾಳವಾಗಿ ಬರುತ್ತಿದ್ದ ಆ ಕಾಲದಲ್ಲೇ, ಮೂರು ವರ್ಷಗಳ ಕಾಲ ತಲಾವಾರು ಸಿಗರೇಟ್ ಬಳಕೆ ಇಳಿಯಿತು. 1971ರ ಜನವರಿಯಲ್ಲಿ ಟಿವಿಯಿಂದ ಸಿಗರೇಟ್ ಜಾಹೀರಾತು ಹೊರಬಿತ್ತು. ಅದರ ಜೊತೆಗೆ ವಿರೋಧಿ ಸಂದೇಶಗಳೂ ಬಹುಪಾಲು ಮಾಯವಾದವು. ಆಮೇಲೆ ಬಳಕೆ ಮತ್ತೆ ಸ್ವಲ್ಪ ಮೇಲೆದ್ದಿತು. ಸಾರ್ವಜನಿಕ ಸಂದೇಶಗಳಿಗೆ ಶಕ್ತಿಯಿದೆ ಎಂದು ಸಂಶೋಧಕರು ಗಂಭೀರವಾಗಿ ಯೋಚಿಸಲು ಶುರುಮಾಡಿದ್ದೇ ಇಂಥ ಅನುಭವಗಳಿಂದ.

ಈಗ ಅಳತೆ ಇನ್ನೂ ಅಚ್ಚುಕಟ್ಟಾಗಿದೆ. ಎರಡು ಉದಾಹರಣೆ ನೋಡಿ.

ಮೊದಲನೆಯದು ಅಮೆರಿಕದ ಸಿಡಿಸಿ ಸಂಸ್ಥೆ 2012ರಲ್ಲಿ ಶುರುಮಾಡಿದ ‘ಮಾಜಿ ಧೂಮಪಾನಿಗಳ ಸಲಹೆಗಳು’ ಪ್ರಚಾರ. ಇದರಲ್ಲಿ ನಟರಿಲ್ಲ. ಗಂಟಲಿಗೆ ರಂಧ್ರ ಮಾಡಿಸಿಕೊಂಡವರು, ಕಾಲು ಕಳೆದುಕೊಂಡವರು ತಮ್ಮ ದಿನಚರಿ ತೋರಿಸಿದರು. ಪ್ರತಿ ಜಾಹೀರಾತಿನ ಕೊನೆಗೆ ಸಹಾಯವಾಣಿಯ ನಂಬರ್ ಅಥವಾ ಜಾಲತಾಣದ ವಿಳಾಸ ಇರುತ್ತಿತ್ತು. 2012ರಿಂದ 2018ರವರೆಗೆ ಈ ಪ್ರಚಾರದಿಂದಾಗಿ ಸುಮಾರು 1.64 ಕೋಟಿ ಜನ ಬಿಡಲು ಪ್ರಯತ್ನಿಸಿದರು, ಸುಮಾರು 10 ಲಕ್ಷ ಜನ ಬಿಟ್ಟು ಉಳಿದುಕೊಂಡರು ಎಂಬುದು ಅಲ್ಲಿನ ಅಂದಾಜು.

ಎರಡನೆಯದು ಇಂಗ್ಲೆಂಡಿನ ‘ಸ್ಟಾಪ್ಟೋಬರ್’. 2012ರ ಅಕ್ಟೋಬರ್‌ನಲ್ಲಿ ಶುರುವಾದ ಇದರಲ್ಲಿ ಕೇಳಿದ್ದು ಒಂದೇ: ಎಲ್ಲರೂ ಒಟ್ಟಿಗೆ 28 ದಿನ ಬಿಡೋಣ. ‘ಜೀವನಪೂರ್ತಿ ಬಿಡಿ’ ಎಂದರೆ ಬೆಟ್ಟ ಹತ್ತಿದ ಹಾಗೆ, ‘28 ದಿನ’ ಎಂದರೆ ಮಾಡಬಹುದು ಅನ್ನಿಸುತ್ತದೆ. ಆ ವರ್ಷದ ಅಕ್ಟೋಬರ್ ಅನ್ನು ಬೇರೆ ತಿಂಗಳುಗಳ ಜೊತೆ, ಹಿಂದಿನ ವರ್ಷಗಳ ಅಕ್ಟೋಬರ್ ಜೊತೆ ಹೋಲಿಸಿ ನೋಡಿದ ಸಂಶೋಧಕರು ಸುಮಾರು 3.5 ಲಕ್ಷ ಹೆಚ್ಚುವರಿ ಪ್ರಯತ್ನಗಳು ನಡೆದವು ಎಂದು ಅಂದಾಜಿಸಿದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ‘ಪ್ರಯತ್ನಿಸಿದವರು’ ಮತ್ತು ‘ಬಿಟ್ಟವರು’ ಇವರ ನಡುವೆ ದೊಡ್ಡ ಅಂತರವಿದೆ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳಿಂದ ಒಂದು ವರ್ಷದ ಹೊತ್ತಿಗೆ ಬಿಟ್ಟೇ ಇರುವವರು ನೂರಕ್ಕೆ 3ರಿಂದ 5 ಮಂದಿ ಮಾತ್ರ. ಪ್ರಚಾರ ಮಾಡುವ ಕೆಲಸ ಬಾಗಿಲವರೆಗೆ ಕರೆತರುವುದು. ದಾಟಲು ಬೇರೆ ಆಸರೆ ಬೇಕು.

ಬರೀ ಹೆದರಿಸಿದರೆ ಸಾಕೇ?

ಸಂವಹನ ಶಾಸ್ತ್ರದಲ್ಲಿ ಹೆದರಿಕೆಯ ಸಂದೇಶಗಳ ಬಗ್ಗೆ ದಶಕಗಳ ಅಧ್ಯಯನವಿದೆ. ಅದರ ಸಾರ ಹೀಗಿದೆ. ಹೆದರಿಕೆಯ ಸಂದೇಶ ನೋಡಿದಾಗ ಮನಸ್ಸು ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ಒಂದು: ‘ಇದು ನನಗೂ ಆಗಬಹುದಾ?’ ಎರಡು: ‘ಆಗದಂತೆ ತಡೆಯಲು ನನ್ನ ಕೈಲಿ ಏನಾದರೂ ಆಗುತ್ತದಾ?’

ಎರಡಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಜನ ಹೆಜ್ಜೆ ಇಡುತ್ತಾರೆ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದಾದರೆ ಮನಸ್ಸು ಅಪಾಯದ ಬದಲು ಭಯವನ್ನೇ ಓಡಿಸಲು ನೋಡುತ್ತದೆ. ಆಗ ಮುಖ ತಿರುಗಿಸುತ್ತೇವೆ, ಜೋಕ್ ಮಾಡುತ್ತೇವೆ. ‘ನಮ್ಮಜ್ಜ ತೊಂಬತ್ತರವರೆಗೂ ಬೀಡಿ ಸೇದಿದ್ದ, ಏನೂ ಆಗಲಿಲ್ಲ’ ಎನ್ನುತ್ತೇವೆ. ಮೀಮ್‌ಗಳ ಹಿಂದೆ ಇದೂ ಒಂದು ಕಾರಣವಾಗಿರಬಹುದು. ನಗು ಬಂತು ಎಂದರೆ ಸಂದೇಶ ತಲುಪಲಿಲ್ಲ ಎಂದೇ ಅರ್ಥವಲ್ಲ. ತಲುಪಿದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ ಎಂದೂ ಇರಬಹುದು.

ನಮ್ಮಲ್ಲೇ ಒಂದು ಉದಾಹರಣೆಯಿದೆ. 2009ರ ಕೊನೆಯಲ್ಲಿ ಹೊಗೆರಹಿತ ತಂಬಾಕಿನ ವಿರುದ್ಧ ಆರು ವಾರಗಳ ರಾಷ್ಟ್ರೀಯ ಪ್ರಚಾರ ನಡೆಯಿತು. ಅದರಲ್ಲಿ ಟಾಟಾ ಮೆಮೋರಿಯಲ್‌ನ ಕ್ಯಾನ್ಸರ್ ಶಸ್ತ್ರಚಿಕಿತ್ಸಕರೊಬ್ಬರು ತಮ್ಮ ರೋಗಿಗಳ ಸ್ಥಿತಿಯನ್ನು ತೋರಿಸಿ ಮಾತನಾಡಿದ್ದರು. ಆಮೇಲೆ ನಡೆದ ಸಮೀಕ್ಷೆಯಲ್ಲಿ, ಜಗಿಯುವವರಲ್ಲಿ ಶೇ 63ರಷ್ಟು, ಜಗಿಯುವುದು ಸೇದುವುದು ಎರಡೂ ಮಾಡುವವರಲ್ಲಿ ಶೇ 72ರಷ್ಟು ಮಂದಿಗೆ ಆ ಜಾಹೀರಾತು ನೆನಪಿತ್ತು. ನೋಡಿದವರಲ್ಲಿ ಬಹುಪಾಲು ಜನ ತಮ್ಮ ಅಭ್ಯಾಸದ ಬಗ್ಗೆ ಚಿಂತೆಯಾಯಿತು ಎಂದರು. ಅಂದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಎರಡನೆಯ ಪ್ರಶ್ನೆಗೆ ದೇಶದಾದ್ಯಂತ ಒಂದು ಉತ್ತರ ಕೊಡುವ ಉಚಿತ ಸಹಾಯವಾಣಿ ಇನ್ನೂ ಇರಲಿಲ್ಲ. ಅದು ಬಂದಿದ್ದು 2016ರಲ್ಲಿ.

ಸಿಗರೇಟ್ ಕಂಪನಿಯೇ ‘ಸೇದಬೇಡಿ’ ಎಂದಾಗ

ಪ್ರಚಾರ ಯಾರು ಮಾಡುತ್ತಾರೆ ಎಂಬುದೂ ಮುಖ್ಯ. 1998ರಲ್ಲಿ ಅಮೆರಿಕದ ಸಿಗರೇಟ್ ಕಂಪನಿ ಫಿಲಿಪ್ ಮಾರಿಸ್ ಹದಿಹರೆಯದವರಿಗಾಗಿ ‘ಯೋಚಿಸಿ, ಸೇದಬೇಡಿ’ ಎಂಬ ಪ್ರಚಾರ ಶುರುಮಾಡಿತು. 2000ದಲ್ಲಿ ಅದಕ್ಕೆ ಎದುರಾಗಿ ‘ಟ್ರುಥ್’ ಎಂಬ ಪ್ರಚಾರ ಬಂತು. ಇದು ‘ಸೇದಬೇಡಿ’ ಎಂದು ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. ಕಂಪನಿಗಳು ನಿಮ್ಮನ್ನು ಹೇಗೆ ಯಾಮಾರಿಸುತ್ತಿವೆ ನೋಡಿ ಎಂದು ಹುಡುಗರಿಗೆ ತೋರಿಸಿತು.

2002ರಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನ ಪ್ರಕಟವಾಯಿತು. ‘ಟ್ರುಥ್’ ನೋಡಿದವರಲ್ಲಿ ತಂಬಾಕು ವಿರೋಧಿ ಭಾವನೆ ಹೆಚ್ಚಾಗಿತ್ತು. ಕಂಪನಿಯ ಜಾಹೀರಾತು ನೋಡಿದವರಲ್ಲಿ ಆ ಕಂಪನಿಗಳ ಬಗ್ಗೆಯೇ ಒಳ್ಳೆಯ ಭಾವನೆ ಬೆಳೆದಿತ್ತು, ಮುಂದೆ ಸೇದಬಹುದು ಎನ್ನುವವರು ಹೆಚ್ಚಿದ್ದರು. ಬೆಕ್ಕು ಹಾಲಿಗೆ ಕಾವಲು ಕೂತರೆ ಇನ್ನೇನಾಗುತ್ತದೆ?

ಪ್ಯಾಕಿನ ಮೇಲಿನ ಚಿತ್ರ: ಬೆಂಗಳೂರಿನಿಂದ ದೆಹಲಿಗೆ ಹೋದ ಜಗಳ

ಭಾರತದಲ್ಲಿ ಚಿತ್ರಸಹಿತ ಎಚ್ಚರಿಕೆ 2009ರ ಮೇ 31ರಿಂದ ಬಂತು. ಆಗ ಪ್ಯಾಕಿನ ಮುಂಭಾಗದ ಶೇ 40ರಷ್ಟು ಜಾಗದಲ್ಲಿ ಮಾತ್ರ ಇತ್ತು. 2016ರ ಏಪ್ರಿಲ್ 1ರಿಂದ ಎರಡೂ ಬದಿಯಲ್ಲಿ ಶೇ 85ಕ್ಕೆ ಏರಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಬೇರೆ ಬೇರೆ ರಾಜ್ಯಗಳ ಅರ್ಜಿಗಳೆಲ್ಲ ಕರ್ನಾಟಕ ಹೈಕೋರ್ಟಿಗೆ ಬಂದವು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಶೇ 85ರ ನಿಯಮವನ್ನು ರದ್ದು ಮಾಡಿತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ದೊಡ್ಡ ಚಿತ್ರಗಳು ಉಳಿದುಕೊಂಡವು.

ಚಿತ್ರ ಯಾರ ಮೇಲೂ ಪರಿಣಾಮ ಬೀರದು ಎನ್ನುವುದಾದರೆ ಅದನ್ನು ಚಿಕ್ಕದು ಮಾಡಿಸಲು ಇಷ್ಟೊಂದು ವಕೀಲರು ಏಕೆ ಬೇಕಿತ್ತು ಎಂದು ನೀವೇ ಯೋಚಿಸಿ. 2016-17ರ ಸಮೀಕ್ಷೆಯಲ್ಲಿ ಸಿಗರೇಟ್ ಸೇದುವವರಲ್ಲಿ ಶೇ 61.9ರಷ್ಟು, ಬೀಡಿ ಸೇದುವವರಲ್ಲಿ ಶೇ 53.8ರಷ್ಟು ಮಂದಿ ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ್ದಾಗಿ ಹೇಳಿದ್ದಾರೆ. ಯೋಚನೆ ಮಾಡಿದವರೆಲ್ಲ ಬಿಟ್ಟರು ಎಂದಲ್ಲ. ಆದರೆ ಬಿಡುವುದು ಶುರುವಾಗುವುದೇ ಯೋಚನೆಯಿಂದ.

ಇಲ್ಲೊಂದು ತೂತು ಇದೆ. ಗೂಡಂಗಡಿಯಲ್ಲಿ ಒಂದೊಂದೇ ಬಿಡಿ ಸಿಗರೇಟ್ ಕೊಳ್ಳುವವರ ಕೈಗೆ ಪ್ಯಾಕ್ ಬರುವುದೇ ಇಲ್ಲ. ಚಿತ್ರವೂ ಕಾಣುವುದಿಲ್ಲ, ಅದರ ಕೆಳಗಿನ ನಂಬರೂ ಕಾಣುವುದಿಲ್ಲ. ಕರ್ನಾಟಕದ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ಬಿಡಿ ಸಿಗರೇಟ್ ಮಾರಾಟವನ್ನು ನಿಷೇಧಿಸಿದೆ, ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ₹1,000ದವರೆಗೆ ದಂಡ ಎಂದಿದೆ. ‘ಬಿಡಿ’ಯಾಗಿ ಕೊಡಬೇಡಿ ಎನ್ನುವುದು ಕಿರಿಕಿರಿ ಮಾಡುವುದಕ್ಕಲ್ಲ. ಎಚ್ಚರಿಕೆ ಅದನ್ನು ಓದಬೇಕಾದವರ ಕಣ್ಣಿಗೆ ಬೀಳಲಿ ಎಂಬುದೂ ಅದರ ಹಿಂದಿನ ಉದ್ದೇಶಗಳಲ್ಲಿ ಒಂದು.

ಆ ನಂಬರಿಗೆ ಕರೆ ಮಾಡಿದರೆ ಏನಾಗುತ್ತದೆ?

1800-11-2356 ರಾಷ್ಟ್ರೀಯ ತಂಬಾಕು ತ್ಯಜನೆ ಸಹಾಯವಾಣಿ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಶುರುವಾಯಿತು. 2018ರಲ್ಲಿ ಮುಂಬೈ, ಗುವಾಹಟಿ ಮತ್ತು ಬೆಂಗಳೂರಿಗೆ ವಿಸ್ತರಿಸಿತು. ಬೆಂಗಳೂರಿನ ಕೇಂದ್ರ ಇರುವುದು ನಿಮ್ಹಾನ್ಸ್‌ನಲ್ಲಿ. ದಕ್ಷಿಣದ ಭಾಷೆಗಳ ಕರೆಗಳನ್ನು ಅಲ್ಲೇ ನೋಡಿಕೊಳ್ಳುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಈ ನಂಬರನ್ನು ತಂಬಾಕಿನ ಎಲ್ಲ ಪ್ಯಾಕುಗಳ ಮೇಲೂ ಮುದ್ರಿಸಬೇಕಾಯಿತು. ಆಮೇಲೆ ಕರೆಗಳು ಹಲವು ಪಟ್ಟು ಹೆಚ್ಚಿದವು. ಹೆದರಿಕೆಯ ಪಕ್ಕದಲ್ಲೇ ದಾರಿ ತೋರಿಸಿದರೆ ಜನ ಹಿಡಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕರೆ ಉಚಿತ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ಬಿಟ್ಟು ಉಳಿದ ದಿನ. ಅಲ್ಲಿ ಯಾರೂ ಬೈಯುವುದಿಲ್ಲ. ದಿನಕ್ಕೆ ಎಷ್ಟು, ಯಾವ ಹೊತ್ತಿನಲ್ಲಿ, ಹಿಂದೆ ಬಿಡಲು ನೋಡಿದ್ದಿರಾ ಎಂದು ಕೇಳುತ್ತಾರೆ. ಬಿಡುವ ದಿನಾಂಕವೊಂದನ್ನು ನಿಮ್ಮಿಂದಲೇ ಹೇಳಿಸುತ್ತಾರೆ. ಆಮೇಲೆ ಅವರೇ ಕರೆ ಮಾಡಿ ವಿಚಾರಿಸುತ್ತಾರೆ. ಮಾತನಾಡಲು ಸಂಕೋಚವಿದ್ದರೆ 011-22901701ಕ್ಕೆ ಮಿಸ್ಡ್ ಕಾಲ್ ಕೊಡಬಹುದು, ಮೊಬೈಲಿಗೆ ಸಂದೇಶಗಳು ಬರುತ್ತವೆ.

ನಿಕೋಟಿನ್ ಗಮ್, ಪ್ಯಾಚ್‌ನಂಥ ಬದಲಿ ಚಿಕಿತ್ಸೆ ಬಳಸಿದರೆ ಬಿಡುವಲ್ಲಿ ಗೆಲ್ಲುವ ಸಾಧ್ಯತೆ ಶೇ 50ರಿಂದ 60ರಷ್ಟು ಹೆಚ್ಚುತ್ತದೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, 2022ರಿಂದ ಭಾರತದ ಪಟ್ಟಿಯಲ್ಲೂ ಇದೆ. ಹೃದ್ರೋಗ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು.

ಸುತ್ತಾಡುತ್ತಿರುವ ಫಾರ್ವರ್ಡ್‌ಗಳು: ಯಾವುದು ನಿಜ, ಯಾವುದು ಸುಳ್ಳು?

*“ಒಂದೇ ಸಲಕ್ಕೆ ಬಿಟ್ಟರೆ ದೇಹಕ್ಕೆ ಶಾಕ್ ಆಗುತ್ತದೆ, ಅಪಾಯ.”* ಸುಳ್ಳು. ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು, ಚಡಪಡಿಕೆ ಇರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಕಷ್ಟ ಹೌದು, ಪ್ರಾಣಾಪಾಯವಲ್ಲ. ಬ್ರಿಟನ್ನಿನಲ್ಲಿ 697 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಸಲಕ್ಕೆ ಬಿಟ್ಟವರಲ್ಲಿ ಶೇ 49ರಷ್ಟು, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬಿಟ್ಟವರಲ್ಲಿ ಶೇ 39ರಷ್ಟು ಮಂದಿ ನಾಲ್ಕು ವಾರಗಳ ನಂತರವೂ ಬಿಟ್ಟೇ ಇದ್ದರು. ಎರಡೂ ಗುಂಪಿಗೆ ಸಲಹೆ ಮತ್ತು ನಿಕೋಟಿನ್ ಬದಲಿ ಚಿಕಿತ್ಸೆ ಕೊಡಲಾಗಿತ್ತು.

*“ದಿನಕ್ಕೆ ಒಂದೇ ಆದರೆ ಪರವಾಗಿಲ್ಲ.”* ಸುಳ್ಳು. ದಿನಕ್ಕೆ 20 ಸೇದುವವರಿಗೆ ಇರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಅರ್ಧದ ಆಸುಪಾಸು, ದಿನಕ್ಕೆ ಒಂದು ಸೇದುವವರಿಗೂ ಇರುತ್ತದೆ ಎಂದು 2018ರ ಒಂದು ವಿಶ್ಲೇಷಣೆ ತೋರಿಸಿದೆ. ಕಡಿಮೆ ಮಾಡುವುದು ಮೆಟ್ಟಿಲು, ಮನೆಯಲ್ಲ.

*“ಒಂದು ಸಿಗರೇಟಿಗೆ ಆಯಸ್ಸಿನಲ್ಲಿ 11 ನಿಮಿಷ ಕಡಿಮೆ.”* ಅರ್ಧ ನಿಜ. ಇದು 2000ದಲ್ಲಿ ಮಾಡಿದ ಸರಾಸರಿ ಲೆಕ್ಕ. 2024ರಲ್ಲಿ ಲಂಡನ್ನಿನ ಸಂಶೋಧಕರು ಹೊಸದಾಗಿ ಲೆಕ್ಕ ಹಾಕಿದಾಗ ಸುಮಾರು 20 ನಿಮಿಷ ಬಂತು. ಯಾವ ವ್ಯಕ್ತಿಗೂ ಗಡಿಯಾರ ಇಟ್ಟು ಹೇಳಿದ ಮಾತಲ್ಲ ಇದು.

*“ಬೀಡಿ ಎಲೆಯದು, ನೈಸರ್ಗಿಕ.”* ಸುಳ್ಳು. ಸುತ್ತಿರುವುದು ಎಲೆಯಾದರೂ ಒಳಗಿರುವುದು ತಂಬಾಕೇ. ಉರಿದಾಗ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಎಲ್ಲವೂ ಬರುತ್ತವೆ.

*“ಈ ಕಷಾಯ ಕುಡಿದರೆ ಮೂರು ದಿನದಲ್ಲಿ ಶ್ವಾಸಕೋಶ ಕ್ಲೀನ್.”* ಸುಳ್ಳು. ಶ್ವಾಸಕೋಶವನ್ನು ತೊಳೆಯುವ ಕಷಾಯ ಇಲ್ಲ. ಹೊಗೆ ನಿಂತರೆ ದೇಹವೇ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ. ತಿಂಗಳುಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತವೆ. ಒಂದೆರಡು ವರ್ಷಗಳಲ್ಲಿ ಹೃದಯಾಘಾತದ ಅಪಾಯ ಗಣನೀಯವಾಗಿ ತಗ್ಗುತ್ತದೆ. ಹತ್ತು ವರ್ಷಗಳಾದ ಮೇಲೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ.

*“ಇಷ್ಟು ವರ್ಷ ಸೇದಿ ಆಯ್ತು, ಈಗ ಬಿಟ್ಟು ಏನು ಪ್ರಯೋಜನ?”* ಇದು ಎಲ್ಲಕ್ಕಿಂತ ಹಾನಿಕರ ಸುಳ್ಳು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. 30ರಲ್ಲಿ ಬಿಟ್ಟವರಿಗೆ ಸುಮಾರು 10 ವರ್ಷ, 40ರಲ್ಲಿ ಬಿಟ್ಟವರಿಗೆ 9, 50ರಲ್ಲಿ 6, 60ರಲ್ಲಿ ಬಿಟ್ಟವರಿಗೂ 3 ವರ್ಷ ಆಯಸ್ಸು ಉಳಿಯಿತು.

ನೀವು ಫಾರ್ವರ್ಡ್ ಮಾಡುವ ಮುಂಚೆ

ಫ್ಯಾಮಿಲಿ ಗ್ರೂಪಿಗೆ ಒಂದು ಸಂದೇಶ ಕಳಿಸಿದರೆ ಅದೂ ಒಂದು ಪುಟ್ಟ ಪ್ರಚಾರವೇ. ದೊಡ್ಡ ಪ್ರಚಾರಗಳು ಕಲಿಸಿದ ಪಾಠ ಇಲ್ಲಿಗೂ ಅನ್ವಯಿಸುತ್ತದೆ.

ಕೊಳೆತ ಶ್ವಾಸಕೋಶದ ಫೋಟೊ ಒಂದನ್ನೇ ಕಳಿಸಬೇಡಿ. ಜೊತೆಗೆ ನಂಬರ್ ಇರಲಿ. ಗ್ರೂಪಿನಲ್ಲಿ ಎಲ್ಲರೆದುರು ಒಬ್ಬರ ಹೆಸರು ಹಿಡಿದು ಹೇಳಬೇಡಿ. ಅವಮಾನವಾದವರು ಸೇದುವುದನ್ನು ಬಿಡುವುದಕ್ಕಿಂತ ಮುಚ್ಚಿಡಲು ಕಲಿಯುತ್ತಾರೆ. ಅವರಿಗೊಬ್ಬರಿಗೇ ಕಳಿಸಿ. ‘ಬಿಟ್ಟುಬಿಡು’ ಎನ್ನುವ ಬದಲು ಒಂದು ದಿನಾಂಕ ಕೇಳಿ. ಸೇದಬೇಕು ಎಂಬ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ಒಂದು ಲೋಟ ನೀರು, ಹತ್ತು ಹೆಜ್ಜೆ ನಡಿಗೆ ಅಥವಾ ನಿಮಗೊಂದು ಫೋನ್ ಸಾಕಾಗಬಹುದು. ಮತ್ತೆ ಶುರುಮಾಡಿದರು ಎಂದರೆ ‘ನಿನ್ನ ಕೈಲಿ ಆಗಲ್ಲ’ ಎನ್ನಬೇಡಿ. ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಸಲಕ್ಕೇ ಬಿಟ್ಟವರಲ್ಲ.

ಬೇಕಿದ್ದರೆ ಇದನ್ನೇ ಕಾಪಿ ಮಾಡಿ ಕಳಿಸಿ:

“ಅಪ್ಪಾ, ಬೈಯೋಕೆ ಕಳಿಸ್ತಿಲ್ಲ. 60ರಲ್ಲಿ ಬಿಟ್ಟವರಿಗೂ ಮೂರು ವರ್ಷ ಆಯಸ್ಸು ಉಳಿದಿದೆಯಂತೆ. 1800-11-2356, ಫ್ರೀ ನಂಬರ್, ಕನ್ನಡದಲ್ಲೇ ಮಾತಾಡ್ತಾರೆ. ಸೋಮವಾರ ಇರಲ್ಲ. ಯಾವತ್ತು ಮಾಡೋಣ ಹೇಳಿ, ನಾನೂ ಪಕ್ಕದಲ್ಲಿ ಕೂತ್ಕೋತೀನಿ.”

‘ಅಪ್ಪಾ’ ಜಾಗದಲ್ಲಿ ಮಾವ, ಚಿಕ್ಕಪ್ಪ, ಅಣ್ಣ, ಅಜ್ಜಿ ಯಾರನ್ನಾದರೂ ಹಾಕಿಕೊಳ್ಳಿ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಗೂ ಇದೇ ನಂಬರ್.